ಅಪ್ಪ ಊಟ ಬಿಟ್ಟ ದಿನಗಳು

ಅಪ್ಪ ಮಿಡತೆ ತಿನ್ನುವುದನ್ನು ಬಿಟ್ಟು ಆರು ದಿನವಾಗಿತ್ತು. ಏಳನೆಯ ದಿನ ಬೆಳಿಗ್ಗೆ ಅವರನ್ನು ಹಿತ್ತಾಳೆಯ ಸಣ್ಣ ತಕ್ಕಡಿಯಲ್ಲಿ ಕೂರಿಸಿ ತೂಗಿದೆ. ಎಪ್ಪತ್ತೆಂಟು ಗ್ರಾಂ. ಹಿಂದಿನ ತಿಂಗಳಿಗಿಂತ ಒಂಬತ್ತು ಗ್ರಾಂ ಹೆಚ್ಚು. ಊಟ ಬಿಟ್ಟವರ ತೂಕ ಏರಲು ಸಾಧ್ಯವಿಲ್ಲ. ತಕ್ಕಡಿಯೇ ಕೆಟ್ಟಿರಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದ ಮೇಲೆ ನಾಚಿಕೆಯಾಯಿತು. ಆ ತಕ್ಕಡಿ ಅಪ್ಪನದೇ. ಅವರು ಮೂವತ್ತೆಂಟು ವರ್ಷ ಮಾರ್ಕೆಟ್ಟಿನ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿದವರು. ತಮ್ಮ ಸ್ವಂತದ್ದನ್ನು ಒಂದು ಕೂದಲೆಳೆಯಷ್ಟೂ ಬಾಗಲು ಬಿಟ್ಟವರಲ್ಲ.

ಅಪ್ಪ ತೀರಿಕೊಂಡು ಆಗ ನಾಲ್ಕು ತಿಂಗಳು ಕಳೆದಿತ್ತು. ಒಂಬತ್ತನೆಯ ದಿನ, ನಮ್ಮ ಊರಿನಲ್ಲಿ ಎಲ್ಲರ ಮನೆಗೂ ಬರುವ ಹಾಗೆ, ನಮ್ಮ ಮನೆಗೂ ಊಸರವಳ್ಳಿ ಬಂತು. ಕಿಟಕಿಯ ಸರಳಿನ ಮೇಲೆ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ತೂಗುತ್ತಾ ಒಳಗೆ ಬಂದು, ಗೋಡೆಗೆ ಒರಗಿಸಿಟ್ಟಿದ್ದ ಅಪ್ಪನ ಕೊಡೆಯ ಹಿಡಿಕೆಯನ್ನು ಅವಚಿ ಹಿಡಿದು ಕುಳಿತಿತು. ಅಮ್ಮ ಅಳು ನಿಲ್ಲಿಸಿದಳು. ಎದ್ದು ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಬಂದು, "ಕೊಡೆ ಬಿಟ್ಟು ಎಲ್ಲಿಗೆ ಹೋಗ್ತಾರೆ ಇವ್ರು, ನಂಗೊತ್ತಿತ್ತು," ಎಂದಳು. ಅಂದಿನಿಂದ ಅದು ಅಪ್ಪ.

ಹೀಗೆ ಬಂದವರನ್ನು ನಮ್ಮಲ್ಲಿ ಉಳಿದವರು ಎನ್ನುತ್ತಾರೆ. ಉಳಿದವರ ಕಾಲು ಮಣ್ಣು ಮುಟ್ಟುವ ತನಕ ಮನೆಯಲ್ಲಿ ಸಾವಾಗಿಲ್ಲ. ಹೆಂಡತಿ ಹೂ ಮುಡಿಯುತ್ತಾಳೆ, ರೇಷನ್ ಕಾರ್ಡಿನಲ್ಲಿ ಹೆಸರಿರುತ್ತದೆ, ಊಟಕ್ಕೆ ಒಂದು ತಟ್ಟೆ ಹೆಚ್ಚು ಹಾಕುತ್ತಾರೆ. ಮಣ್ಣು ಮುಟ್ಟಿದರೆ ಹೊರಟ ಹಾಗೆ. ಅದಕ್ಕೇ ಊರಿನ ಬೀದಿಗಳಿಗೆಲ್ಲ ಕಲ್ಲು ಚಪ್ಪಡಿ. ತುಳಸಿಯನ್ನು ನಾವು ನೀರಿನ ಬಾಟಲಿಯಲ್ಲಿ ಬೆಳೆಸುತ್ತೇವೆ. ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ಕಾಲು ತೊಳೆದು, ಸೀರೆಯ ಅಂಚನ್ನೋ ಪಂಚೆಯ ಅಂಚನ್ನೋ ಕೊಡವಿ ಒಳಗೆ ಕಾಲಿಡುವುದು ರೂಢಿ.

ಅಪ್ಪನ ಆರೈಕೆ ನನ್ನ ಪಾಲಿಗೆ ಬಂತು. ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು, ಕಾಲೇಜಿನ ಲ್ಯಾಬಿನಲ್ಲಿ ಬಾಟಲಿಗಳ ಉಸ್ತುವಾರಿ ನನ್ನದು. ಹಾವು, ಓತಿ, ಬಾವಲಿ, ಎರಡು ತಲೆಯ ಕರು, ಎಲ್ಲ ಇವೆ. ಊಸರವಳ್ಳಿ ಮಾತ್ರ ಇಲ್ಲ. ಯಾರ ಮನೆಯವರನ್ನು ಬಾಟಲಿಯಲ್ಲಿಡುವುದು? ಪಠ್ಯಪುಸ್ತಕದಲ್ಲಿಯೂ ಆ ಪಾಠದ ಎರಡು ಪುಟಗಳನ್ನು ಗೋಂದು ಹಾಕಿ ಒಂದಕ್ಕೊಂದು ಅಂಟಿಸಿಯೇ ನಮ್ಮ ಕೈಗೆ ಕೊಟ್ಟಿದ್ದರು. ನಾನು ಕಲಿತದ್ದೆಲ್ಲ ನೋಡಿ ಕಲಿತದ್ದು. ಹಜಾರದ ಉದ್ದಕ್ಕೆ ತಂತಿ ಕಟ್ಟಿ ಸೀಬೆಯ ಕೊಂಬೆಗಳನ್ನು ತೂಗುಹಾಕಿದೆ. ಬೆಳಿಗ್ಗೆ ಎರಡು ಗಂಟೆ ಕಿಟಕಿಯ ಬಿಸಿಲು. ಮೈ ಕಾಯದಿದ್ದರೆ ತಿಂದದ್ದು ಅರಗುವುದಿಲ್ಲ. ತಮ್ಮ ಬಿಂಬ ಕಂಡು ಹೆದರುತ್ತಾರೆಂದು ಕನ್ನಡಿಗೆ ಬಟ್ಟೆ ಹೊದಿಸಿದೆ. ಬಟ್ಟಲಿನಲ್ಲಿ ನಿಂತ ನೀರು ಅವರ ಕಣ್ಣಿಗೆ ನೀರೇ ಅಲ್ಲ. ಎಲೆಯ ಮೇಲೆ ಹನಿ ಹೊಳೆಯಬೇಕು. ಹಾಗಾಗಿ ದಿನಕ್ಕೆರಡು ಸಲ ಎಲೆಗಳಿಗೆ ನೀರು ಚಿಮುಕಿಸಿ ಕೋಣೆಯಿಂದ ಹೊರಗೆ ಹೋಗುತ್ತಿದ್ದೆ. ಹಿಂತಿರುಗುವಾಗ ಹನಿಗಳಿರುತ್ತಿರಲಿಲ್ಲ.

ಆದರೆ ನನ್ನ ಕೈಯಿಂದ ಅವರು ನೀರು ಮುಟ್ಟಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಲ್ಯಾಬಿನ ಗಾಜಿನ ಡ್ರಾಪರ್ ತಂದು, ದಿನವೂ ಅದರ ತುದಿಯಲ್ಲಿ ಒಂದು ಹನಿಯನ್ನು ಅವರ ಬಾಯಿಯ ಮುಂದೆ ಹಿಡಿಯುತ್ತಿದ್ದೆ. ದಿನವೂ ಮುಖ ತಿರುಗಿಸುತ್ತಿದ್ದರು.

ಇದರ ಕಾರಣ ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅನ್ನನಾಳದ ಆಪರೇಷನ್ ಆದ ಮೇಲೆ ಬಾಯಿಗೆ ನೀರು ಹಾಕಬಾರದೆಂದು ಡಾಕ್ಟರು ಹೇಳಿದ್ದರು. ಅಪ್ಪ ಎರಡು ದಿನ ಕೇಳಿದರು. ಮೊದಲು ಗದರಿ ಕೇಳಿದರು, ಆಮೇಲೆ ಮೆಲ್ಲಗೆ. "ಒಂದು ಗುಟುಕು ಹಾಕೋ ಪಾಲಾಕ್ಷ. ನಾಲಿಗೆ ಒದ್ದೆಯಾಗೋವಷ್ಟು ಸಾಕು." ನಾನು ಮಂಚದ ಕಾಲಿಗೆ ನೇತುಹಾಕಿದ್ದ ಚಾರ್ಟನ್ನು ಮತ್ತೊಮ್ಮೆ ಓದಿ, "ಇನ್ನೂ ಮೂವತ್ತಾರು ಗಂಟೆ ಇದೆ ಅಪ್ಪ," ಎಂದೆ. ಮೂರನೆಯ ದಿನ ಬೆಳಿಗ್ಗೆ ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಮತ್ತೆ ಇತ್ತ ತಿರುಗಲಿಲ್ಲ.

ಮೊದಲ ಮೂರು ತಿಂಗಳು ಚೆನ್ನಾಗಿಯೇ ಇದ್ದರು. ದಿನಕ್ಕೆ ಎಂಟು ಹತ್ತು ಮಿಡತೆ ತಿನ್ನುತ್ತಿದ್ದರು. ನಂತರ ನಾನು ಹತ್ತಿರ ಹೋದರೆ ಸಾಕು, ಎಲೆಹಸಿರು ಮೈ ಕಪ್ಪಾಗತೊಡಗಿತು. ಆ ಕಪ್ಪಿನ ಮೇಲೆ ಸಾಸಿವೆಯಂಥ ಹಳದಿ ಚುಕ್ಕಿಗಳು. ಬಾಯಿ ತೆರೆದು ಬುಸ್ಸೆನ್ನುತ್ತಿದ್ದರು. ಊಟ ಐದಕ್ಕಿಳಿಯಿತು, ಎರಡಕ್ಕಿಳಿಯಿತು, ನಿಂತಿತು. ಮಿಡತೆ ಬಿಟ್ಟು ಜೀರುಂಡೆ ತಂದೆ, ನೊಣ ತಂದೆ, ರೇಷ್ಮೆ ಹುಳು ತಂದೆ. ಒಂದು ಕಣ್ಣಿನಿಂದ ಹುಳುವನ್ನು ನೋಡಿ, ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿ ಎರಡನ್ನೂ ಮುಚ್ಚುತ್ತಿದ್ದರು.

"ನಿನ್ನ ಕಂಡ್ರೆ ಆಗ್ತಿಲ್ಲ ಅವ್ರಿಗೆ," ಎಂದಳು ಅಮ್ಮ. "ನಾನು ಕೊಡ್ತೀನಿ ಬಿಡು." ಅವಳು ಕೊಟ್ಟಾಗಲೂ ತಿನ್ನಲಿಲ್ಲ. ಅದಕ್ಕೂ ಅವಳಲ್ಲಿ ಉತ್ತರವಿತ್ತು. "ನಿನ್ನ ವಾಸನೆ ಹತ್ತಿರ್ತದೆ ಮಿಡತೆಗೆ."

ಹೀಗೆ ಮೈ ಕಪ್ಪಾಗಿ, ಊಟ ಬಿಟ್ಟು, ಕೊಂಬೆಯ ಮೇಲೆಯೇ ಸಾಯುವವರು ನಮ್ಮ ಊರಿನಲ್ಲಿ ಬಹಳ. ಮುನಿಸಿನಿಂದ ಹೋದರು ಎನ್ನುತ್ತಾರೆ. ಯಾರ ಮೇಲಿನ ಮುನಿಸು ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಪಕ್ಕದ ಬೀದಿಯ ವೆಂಕಟಪತಿಯ ಹೆಂಡತಿ ಹಾಗೆ ಹೋಗಿ ಆರು ವರ್ಷವಾಯಿತು. ಅವನು ಇವತ್ತಿಗೂ ಮನೆಯೊಳಗೆ ಮಲಗುವುದಿಲ್ಲ. ಜಗುಲಿಯ ಮೇಲೇ ಅವನ ಹಾಸಿಗೆ.

ಆ ಏಳನೆಯ ದಿನ ತೂಕ ಬರೆದಿಟ್ಟು ಮಾರ್ಕೆಟ್ಟಿಗೆ ಹೋದೆ. ಮಿಡತೆ ಮಾರುವ ಸಣ್ಣತಾಯಮ್ಮ ಬಟ್ಟೆ ಮುಚ್ಚಿದ ಬುಟ್ಟಿಗಳ ನಡುವೆ ಕುಳಿತಿದ್ದಳು. ಅರವತ್ತು ದಾಟಿದ ಹೆಂಗಸು. ಲ್ಯಾಬಿನಲ್ಲಿ ಕೆಲಸ ಮಾಡುವವರೆಲ್ಲ ಅವಳಿಗೆ ಮೇಷ್ಟ್ರೇ.

"ಏನ್ ಮೇಷ್ಟ್ರೇ, ನಿಮ್ಮಪ್ಪಾರು ಇನ್ನೂ ಬಾಯಿ ಬಿಟ್ಟಿಲ್ವಾ?"

"ಇಲ್ಲ. ನೀವು ನಿನ್ನೆ ಕೊಟ್ಟ ಮಿಡತೆ ಜಾಸ್ತಿ ದೊಡ್ಡದಾಯ್ತು ಅನ್ಸುತ್ತೆ."

"ದೊಡ್ಡದು ಕೊಟ್ರೆ ದೊಡ್ಡದಾಯ್ತು ಅಂತೀರಿ, ಸಣ್ಣದು ಕೊಟ್ರೆ ಸೊರಗೈತೆ ಅಂತೀರಿ. ಅಪ್ಪನಂಗೇ ನೀವೂ. ನನ್ ತಕ್ಕಡೀನ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟೋರು. ಹುಳ ತೂಗೋಕೆ ಇಷ್ಟು ಯಾಕೆ ಬುದ್ದಿ ಅಂದ್ರೆ, ಹುಳಾನೇ ಆದ್ರೂ ತೂಕ ತೂಕಾನೇ ಅನ್ನೋರು."

"ಆ ತೂಕಾನೇ ನನಗೆ ಅರ್ಥ ಆಗ್ತಿಲ್ಲ," ಎಂದೆ. "ಏಳು ದಿನದಿಂದ ಊಟ ಇಲ್ಲ. ತೂಕ ಇಳೀಲಿಲ್ಲ. ಹಿಂದಿನ ತಿಂಗಳಿಗಿಂತ ಒಂಬತ್ತು ಗ್ರಾಂ ಜಾಸ್ತಿ ಇದೆ."

ಅವಳ ನಗು ನಿಂತಿತು. "ಹೊಟ್ಟೆ ಹೆಂಗೈತೆ?"

"ಉಬ್ಬಿದೆ. ಎರಡು ಪಕ್ಕದಲ್ಲೂ ಗಂಟು ಗಂಟು ಕೈಗೆ ಸಿಗುತ್ತೆ. ಮಲ ಕಟ್ಟಿದೆ ಅಂದ್ಕೊಂಡೆ."

"ಕೂತಲ್ಲಿ ಕೂತಿರ್ತಾರಾ?"

"ಇಲ್ಲ, ನಾಲ್ಕು ದಿನದಿಂದ ಒಂದೇ ಸಮ ಓಡಾಟ. ಕೆಳಗೆ ಇಳಿಯೋಕೆ ನೋಡ್ತಾರೆ. ಕೊಡೆಯ ಬುಡಕ್ಕೆ ಹೋಗಿ ನೆಲ ಕೆರೀತಾರೆ."

ಸಣ್ಣತಾಯಮ್ಮ ಅಕ್ಕಪಕ್ಕ ನೋಡಿ ಬುಟ್ಟಿಯ ಬಟ್ಟೆಯನ್ನು ಬಿಗಿಯಾಗಿ ಎಳೆದಳು. "ಮೇಷ್ಟ್ರೇ, ನಾ ಮಿಡತೆ ಹಿಡಿಯೋದು ಊರಾಚೆ ಹೊಲದಾಗೆ. ಅಲ್ಲಿ ಇಂಥವು ಬೇಕಾದಷ್ಟವೆ. ಯಾರಪ್ಪನೂ ಅಲ್ಲ, ಯಾರವ್ವನೂ ಅಲ್ಲ. ಅವು ಏನೇನು ಮಾಡ್ತವೆ ಅಂತ ನಾ ಕಣ್ಣಾರೆ ನೋಡಿವ್ನಿ. ಹೇಳೋಕಾಗಲ್ಲ. ಹೇಳಿದ್ರೆ ನಾಳೆಯಿಂದ ಒಬ್ರೂ ನನ್ ಮುಂದೆ ನಿಲ್ಲಲ್ಲ. ನಿಮ್ ಕಾಲೇಜಾಗೆ ಪುಸ್ತಕ ಐತಲ್ಲ. ಅಂಟಿಸಿರೋದನ್ನ ಬಿಚ್ಚಿ ನೋಡಿ."

ಅಂಟಿಸಿದ ಪುಟಗಳ ಸುದ್ದಿ ಅವಳಿಗೆ ಹೇಗೆ ಗೊತ್ತಾಯಿತೋ ನಾನು ಕೇಳಲಿಲ್ಲ. ಲ್ಯಾಬಿಗೆ ಹೋಗಿ ಬೀಕರಿನಲ್ಲಿ ನೀರು ಕುದಿಯಲು ಇಟ್ಟು, ಪುಸ್ತಕವನ್ನು ಆವಿಯ ಮೇಲೆ ಹಿಡಿದೆ. ಗೋಂದು ಹಳೆಯದು, ಬ್ಲೇಡಿನ ತುದಿ ತೂರಿಸುತ್ತಿದ್ದಂತೆ ಪುಟಗಳು ಬೇರೆಯಾದವು. ಒಳಗೆ ಒಂದು ಚಿತ್ರವಿತ್ತು. ಗಂಡಿನ ಬಾಲದ ಬುಡ ದಪ್ಪ, ಹೆಣ್ಣಿನದು ಸಪೂರ. ಕೆಳಗೆ ಹನ್ನೆರಡು ಸಾಲು. ಹೆಣ್ಣು ಇಪ್ಪತ್ತು ಮೂವತ್ತು ಮೊಟ್ಟೆ ಇಡುತ್ತದೆ. ಮೊಟ್ಟೆ ಹೊತ್ತಾಗ ಮೈ ಕಪ್ಪಾಗಿ ಹಳದಿ ಚುಕ್ಕಿ ಮೂಡುತ್ತದೆ, ಹತ್ತಿರ ಬಂದವರ ಮೇಲೆ ಬುಸುಗುಟ್ಟುತ್ತದೆ, ಕೊನೆಯ ದಿನಗಳಲ್ಲಿ ಆಹಾರ ಬಿಡುತ್ತದೆ. ತೇವದ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಮಣ್ಣು ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಪ್ರಾಣಿ ಸಾಯುತ್ತದೆ.

ಗ್ಯಾಸ್ ಆರಿಸಿ ಬಹಳ ಹೊತ್ತು ಸ್ಟೂಲಿನ ಮೇಲೆ ಕುಳಿತಿದ್ದೆ. ನಾಲ್ಕು ತಿಂಗಳು ದಿನವೂ ಎತ್ತಿ ನೋಡಿದವನು ನಾನು. ಕಣ್ಣಿನ ತಿರುವು, ನಾಲಿಗೆಯ ಉದ್ದ, ಹಿಕ್ಕೆಯ ಬಣ್ಣ, ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿವೆ. ಬಾಲದ ಬುಡ ಮಾತ್ರ ಇಲ್ಲ. ಅಪ್ಪ ಗಂಡಸೋ ಹೆಂಗಸೋ ಎಂದು ಯಾವ ಮಗ ನೋಡುತ್ತಾನೆ? ಊರಿನಲ್ಲಿ ಯಾರೂ ನೋಡಿರಲಿಲ್ಲ. ಮುನಿಸಿನಿಂದ ಹೋದ ಎಲ್ಲರೂ ಮಣ್ಣಿಲ್ಲದೆ ಹೋದವರು.

ಮೊದಲು ಹಗುರವೆನಿಸಿತು. ಮೂರು ವಾರದಿಂದ ನಾನು ಕ್ಷಮಿಸಿ ಎಂದು ಬೇಡಿಕೊಂಡದ್ದು ಮೊಟ್ಟೆಗಳ ಮುಂದೆ. ಆ ಕಪ್ಪು ನನ್ನ ಮೇಲಿನ ಕೋಪವಲ್ಲ. ಆಮೇಲೆ ಅದರ ಇನ್ನೊಂದು ಬದಿ ಹೊಳೆಯಿತು. ಕಪ್ಪು ಕೋಪವಲ್ಲವಾದರೆ ಹಸಿರು ಸಮಾಧಾನವೂ ಅಲ್ಲ. ನಾನು ಕಾಯುತ್ತಿದ್ದದ್ದು ಯಾವ ಬಣ್ಣದಲ್ಲಿಯೂ ಬರುವಂಥದ್ದಾಗಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಮೊದಲು ಕೊಂಬೆಯ ಹತ್ತಿರ ಹೋಗಿ ನೋಡಿದೆ. ಬಾಲದ ಬುಡ ಸಪೂರವಾಗಿತ್ತು.

"ಅಮ್ಮ, ಅದು ಹೆಣ್ಣು."

"ಯಾವುದೋ?"

"ಅಪ್ಪ. ಹೊಟ್ಟೇಲಿ ಮೊಟ್ಟೆ ಇದೆ. ಅದಕ್ಕೇ ಊಟ ಸೇರ್ತಿಲ್ಲ."

ಅಮ್ಮ ನನ್ನನ್ನೇ ನೋಡಿದಳು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಮೊರದ ಅಕ್ಕಿ ಚೆಲ್ಲುವಷ್ಟು ನಕ್ಕಳು. "ನಲವತ್ತೊಂದು ವರ್ಷ ಕುಡಿದ ಲೋಟ ಎತ್ತಿಟ್ಟ ಮನುಷ್ಯ ಅಲ್ಲ. ಈಗ ಹೆರಿಗೆಯಂತೆ! ಎಷ್ಟು?"

"ಇಪ್ಪತ್ತು. ಮೂವತ್ತೂ ಇರಬಹುದು."

"ನಿನ್ನೊಬ್ಬನ್ನ ಹೆರೋ ಹೊತ್ತಿಗೆ ನನಗೆ ಜೀವ ಬಾಯಿಗೆ ಬಂದಿತ್ತು. ಹೊರಗೆ ಕೂತು ಪೇಪರ್ ಓದ್ತಿದ್ರಂತೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸರಿ, ಹೆರಲಿ. ಅದಕ್ಕೇನು ಬೇಕು?"

"ಮಣ್ಣು."

ಅವಳ ಕೈ ಮೊರದ ಮೇಲೆಯೇ ನಿಂತಿತು. ಆಮೇಲೆ ತಾನಾಗಿ ಹಣೆಗೆ ಹೋಯಿತು. "ಬೇರೆ ಏನೂ ಆಗಲ್ವಾ? ಹೊಟ್ಟು? ರಾಗಿ ಹಿಟ್ಟು?"

ಆ ಸಂಜೆ ಮರದ ಹೊಟ್ಟು ತಂದು, ಒದ್ದೆ ಮಾಡಿ, ಡಬ್ಬದಲ್ಲಿ ಒಂದು ಗೇಣು ತುಂಬಿಸಿದೆವು. ಅಪ್ಪ ಅದರೊಳಗೆ ಇಳಿದರು. ಮುಂಗಾಲಿನಿಂದ ತೋಡಿದರು, ತೋಡಿದಷ್ಟೂ ಕುಸಿಯಿತು. ಮಾರನೆಯ ದಿನ ಹೊಟ್ಟಿಗೆ ಹಿಟ್ಟು ಬೆರೆಸಿ ಗಟ್ಟಿ ಮಾಡಿದೆವು. ಮತ್ತೆ ತೋಡಿದರು, ಮತ್ತೆ ಹತ್ತಿ ಹೊರಬಂದರು. ಮಧ್ಯಾಹ್ನದ ಹೊತ್ತಿಗೆ ತೋಡುವುದನ್ನೂ ಬಿಟ್ಟರು. ಗುಂಡಗೆ ಮುಂದೆ ಚಾಚಿರುತ್ತಿದ್ದ ಕಣ್ಣುಗಳು ಒಳಗೆ ಕುಸಿದಿದ್ದವು. ಹಿಡಿಕೆಯ ಮೇಲಿನ ಹಿಡಿತ ಸಡಿಲವಾಗಿತ್ತು. ಡ್ರಾಪರ್ ಹಿಡಿದೆ. ಮುಖ ತಿರುಗಿಸಿದರು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದಳು. ಆಸ್ಪತ್ರೆಯ ಆ ಎರಡು ದಿನದ ಬಗ್ಗೆ ನಾಲ್ಕು ತಿಂಗಳಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ.

"ಅವತ್ತು ನನ್ನನ್ನೂ ಕೇಳಿದ್ರು," ಎಂದಳು. "ನೀನು ಔಷಧಿ ತರೋಕೆ ಹೋಗಿದ್ದೆ. ಒಂದು ಚಮಚ ಹಾಕೇ ಅಂದ್ರು. ಮಗ ಬೈತಾನೆ ಅಂದೆ. ನಿನ್ನ ಹೆಸರು ಹೇಳಿ ತಪ್ಪಿಸ್ಕೊಂಡೆ ನಾನು." ಬಾಗಿಲು ಬಿಟ್ಟು ಕೊಡೆಯ ಹತ್ತಿರ ಬಂದಳು. "ನೀರೂ ಬೇಡ ಅಂದೆವು. ಈಗ ಮಣ್ಣೂ ಬೇಡ ಅನ್ನೋದಾ? ಹೋಗು, ಇಳಿಸಿ ಬಾ. ನಾನು ಬರಲ್ಲ."

"ಅಮ್ಮ, ಇಳಿಸಿದ್ರೆ..."

"ಗೊತ್ತು." ಹಣೆ ಮುಟ್ಟಿಕೊಂಡಳು. "ನೀನು ಬರೋವರೆಗೂ ಇಟ್ಕೊಂಡಿರ್ತೀನಿ."

ಕೊಡೆಯನ್ನು ಅಡ್ಡಡ್ಡವಾಗಿ ಹಿಡಿದು, ಹಿಡಿಕೆಯ ಮೇಲೆ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಉಳಿದವರನ್ನು ಇಳಿಸಲು ಒಯ್ಯುವವರನ್ನು ಕಂಡರೆ ನಮ್ಮವರು ಎದ್ದು ನಿಲ್ಲುತ್ತಾರೆ, ಮಾತಾಡಿಸುವುದಿಲ್ಲ. ಬೀದಿಯ ಎರಡೂ ಬದಿಯಲ್ಲಿ ಜನ ಎದ್ದರು. ಮಧ್ಯಾಹ್ನದ ನಿದ್ದೆ ಮುಗಿಸಿ ಜಗುಲಿಯ ಮೇಲೆ ಹಾಸಿಗೆ ಸುತ್ತುತ್ತಿದ್ದ ವೆಂಕಟಪತಿಯೂ ಎದ್ದ. ಅಪ್ಪನ ಕಪ್ಪು ಮೈಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಗೊತ್ತು ಎನ್ನುವಂತೆ ತಲೆಯಾಡಿಸಿದ. ನಾನು ನಿಂತೆ. ನಿನ್ನ ಹೆಂಡತಿಗೆ ನಿನ್ನ ಮೇಲೆ ಮುನಿಸಿರಲಿಲ್ಲ ಎಂದು ಹೇಳಬೇಕಾಗಿತ್ತು. ಹಾಗೆ ಹೇಳಿದರೆ ಮುಂದಿನದನ್ನೂ ಹೇಳಬೇಕು. ಒಂದು ಬುಟ್ಟಿ ಮಣ್ಣಿದ್ದಿದ್ದರೆ ಅವಳು ಬದುಕುತ್ತಿದ್ದಳು ಎಂದು. ಮುನಿಸಿನ ಭಾರ ಹೊತ್ತು ಆರು ವರ್ಷ ಹೇಗೋ ಬದುಕಿದ್ದಾನೆ. ಇದನ್ನು ಹೊರುತ್ತಾನೆಯೇ ಎಂದು ತಿಳಿಯದೆ ಮುಂದೆ ನಡೆದೆ.

ಮಾರ್ಕೆಟ್ಟಿನಲ್ಲಿ ಸಣ್ಣತಾಯಮ್ಮ ನನ್ನನ್ನು ಕಂಡು, ಬುಟ್ಟಿಗಳನ್ನು ಪಕ್ಕದವಳಿಗೆ ಒಪ್ಪಿಸಿ, ಒಂದು ಕುಡುಗೋಲು, ಒಂದು ಚೊಂಬು ನೀರು, ಹಿಡಿಯಷ್ಟು ಮಿಡತೆ ಕಟ್ಟಿದ ಬಟ್ಟೆ ಹಿಡಿದು ಮಾತಿಲ್ಲದೆ ಜೊತೆಗೆ ಬಂದಳು.

ಊರ ಬಾಗಿಲು ದಾಟಿ ನೂರು ಹೆಜ್ಜೆಗೆ ಚಪ್ಪಡಿಗಳು ಮುಗಿಯುತ್ತವೆ. ಕೊನೆಯ ಚಪ್ಪಡಿಯ ಮೇಲೆ ನಿಂತು ಜೇಬಿನಿಂದ ಡ್ರಾಪರ್ ತೆಗೆದೆ. ಇದು ಕೊನೆಯ ಸಲ. ಇನ್ನೊಂದು ಹೆಜ್ಜೆಯಾಚೆ ಅಪ್ಪ ಇರುವುದಿಲ್ಲ. ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಹನಿಯನ್ನು ಬಾಯಿಯ ಹತ್ತಿರ ಹಿಡಿದೆ. "ಅಪ್ಪ," ಎಂದೆ, "ನಾಲಿಗೆ ಒದ್ದೆಯಾಗೋವಷ್ಟು." ಹನಿ ತುಟಿಗೆ ತಾಗಿತು. ಅಪ್ಪ ಮುಖವನ್ನು ಆಚೆ ತಿರುಗಿಸಿದರು. ಹನಿ ಚಪ್ಪಡಿಯ ಮೇಲೆ ಬಿದ್ದು ಒಣಗಿತು.

"ಹೊತ್ತಾಯ್ತದೆ ಮೇಷ್ಟ್ರೇ," ಎಂದಳು ಸಣ್ಣತಾಯಮ್ಮ.

ಅವಳು ಒಂದು ತಂಗಡಿ ಪೊದೆಯ ಬುಡದಲ್ಲಿ ಕುಡುಗೋಲಿನಿಂದ ಮಣ್ಣು ಸಡಿಲಿಸಿ, ಚೊಂಬಿನ ಅರ್ಧ ನೀರು ಸುರಿದಳು. ನಾನು ಮಂಡಿಯೂರಿ ಕೊಡೆಯ ಹಿಡಿಕೆಯನ್ನು ನೆಲಕ್ಕೆ ತಾಗಿಸಿದೆ. ಮೊದಲು ಒಂದು ಮುಂಗಾಲು ಇಳಿಯಿತು. ಗಾಳಿಯಲ್ಲಿ ಸ್ವಲ್ಪ ತೂಗಿ ಇನ್ನೊಂದು ಇಳಿಯಿತು. ಏನೂ ಆಗಲಿಲ್ಲ. ಆಕಾಶ ಹಾಗೇ ಇತ್ತು. ಊಸರವಳ್ಳಿಯೊಂದು ಮಣ್ಣಿನ ಮೇಲೆ ನಿಂತಿತ್ತು.

ತೋಡಲು ಅದಕ್ಕೆ ಎರಡು ಗಂಟೆ ಹಿಡಿಯಿತು. ನಾವು ದೂರ ಹೋಗಿ, ಬೆನ್ನು ಹಾಕಿ ಕುಳಿತೆವು. ಆಗಾಗ ತಿರುಗಿ ನೋಡಿದಾಗ ಮೊದಲು ತಲೆ ಒಳಗಿತ್ತು, ಆಮೇಲೆ ಬಾಲ ಒಳಗಿತ್ತು. ಕೊನೆಗೆ ಹೊರಬಂದು, ಹಿಂಗಾಲಿನಿಂದ ಮಣ್ಣನ್ನು ಎಳೆದು ಗುಂಡಿ ಮುಚ್ಚಿತು. ಎರಡು ಪಕ್ಕೆಗಳೂ ಖಾಲಿ ಚೀಲದ ಹಾಗೆ ಒಳಗೆ ಹೋಗಿದ್ದವು. ಪೊದೆ ಹತ್ತಲು ಎರಡು ಸಲ ಜಾರಿ, ಮೂರನೆಯ ಸಲ ಹತ್ತಿತು. ಮೈಯ ಕಪ್ಪು ಇಳಿದು ಮಾಸಲು ಹಸಿರಾಗಿತ್ತು.

"ಈಗ ಕೊಡಿ," ಎಂದಳು ಸಣ್ಣತಾಯಮ್ಮ. "ಬಾಯಾರಿರ್ತದೆ."

ಡ್ರಾಪರ್ ಹಿಡಿದೆ. ಮುಖ ತಿರುಗಿಸಲಿಲ್ಲ. ಬಾಯಿ ತೆರೆಯಿತು. ಹನಿ ಒಳಗೆ ಹೋಯಿತು, ಗಂಟಲು ಅಲುಗಿತು. ಮತ್ತೆ ಬಾಯಿ ತೆರೆಯಿತು. ಅಭ್ಯಾಸಬಲದಿಂದ ಎಣಿಸಿದೆ: ನಲವತ್ತಮೂರು ಹನಿ. ಆಮೇಲೆ ಸಣ್ಣತಾಯಮ್ಮ ಹಿಡಿದ ಮಿಡತೆಯ ಕಡೆ ಎರಡೂ ಕಣ್ಣು ಹೊರಳಿದವು, ನಾಲಿಗೆ ಚಿಮ್ಮಿತು. ಒಂದಾದ ಮೇಲೊಂದು ಮೂರು ತಿಂದಿತು. ನನಗೆ ಸಂತೋಷವಾಗಬೇಕಿತ್ತು. ಅದು ಯಾರ ಕೈಯಿಂದಾದರೂ ಕುಡಿಯುತ್ತಿತ್ತು. ಅದಕ್ಕೆ ನಾನು ಯಾರೂ ಆಗಿರಲಿಲ್ಲ.

ಖಾಲಿ ಕೊಡೆ ಹಿಡಿದು ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಹೊಸ್ತಿಲ ಹೊರಗೆ ತಂಬಿಗೆ ಎತ್ತಿಕೊಂಡು ಕಾಲು ತೊಳೆಯಲು ಬಗ್ಗಿದೆ.

"ಇನ್ನೇನಕ್ಕೆ ತೊಳೀತೀಯ, ಬಾ," ಎಂದಳು ಅಮ್ಮ ಒಳಗಿನಿಂದ.

ಮಣ್ಣುಗಾಲಲ್ಲೇ ಒಳಗೆ ಹೋದೆ. ಅವಳು ಹಜಾರದ ನಡುವೆ, ತಂತಿಗಳ ಕೆಳಗೆ ಕುಳಿತಿದ್ದಳು. ಕುಂಕುಮ ಹಣೆಯಲ್ಲೇ ಇತ್ತು.

"ಮೊಟ್ಟೆ?"

"ಆಯ್ತು. ಸುಖವಾಗಿ ಆಯ್ತು."

"ನೀರು ಕುಡಿದ್ರಾ?"

"ಕುಡಿದ್ರು. ನನ್ನ ಕೈಯಿಂದಲೇ."

ಅಮ್ಮ ನನ್ನ ಮುಖ ನೋಡಿದಳು. "ಮಣ್ಣು ಮುಟ್ಟೋಕೆ ಮುಂಚೆನಾ, ಆಮೇಲಾ?"

ಹದಿನೈದು ವರ್ಷದ ಲ್ಯಾಬ್ ಕೆಲಸದಲ್ಲಿ ಒಂದು ಸಂಖ್ಯೆಯನ್ನೂ ನಾನು ತಿದ್ದಿ ಬರೆದವನಲ್ಲ.

"ಮುಂಚೆ," ಎಂದೆ. "ಕೊನೆಯ ಚಪ್ಪಡಿ ಮೇಲೆ."

ಅವಳು ನನ್ನ ಮಂಡಿಗೆ ಅಂಟಿದ ಮಣ್ಣನ್ನೂ, ಜೇಬಿನಿಂದ ಇಣುಕುತ್ತಿದ್ದ ಡ್ರಾಪರನ್ನೂ ನೋಡಿದಳು. ಸೆರಗಿನ ತುದಿಯಿಂದ ಹಣೆಯನ್ನು ಒಂದೇ ಸಲ, ಗಟ್ಟಿಯಾಗಿ ಒರೆಸಿಕೊಂಡಳು. ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಗಿಟ್ಟು, ಅದು ಖಾಲಿಯಾಗುವವರೆಗೂ ಎದುರಿಗೇ ನಿಂತಿದ್ದಳು.